ಸಹಾಯ ಬೇಕು: ಕೆನಡಾದ ಉತ್ತರ ತುದಿಯ ನುನಾವುಟ್‌ಗೆ ಹೊರಟಿದ್ದೇನೆ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ನಡುವೆ ಕೆಲಸ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಒಟ್ಟಾವಾದಲ್ಲಿ ನರ್ಸ್. ಬರುವ ತಿಂಗಳು ನುನಾವುಟ್‌ನ ಬ್ಯಾಫಿನ್ ದ್ವೀಪದ ಸಣ್ಣ ಊರೊಂದರ ಆರೋಗ್ಯ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಹೊರಗಿನಿಂದ ರಸ್ತೆಯಿಲ್ಲ, ವಿಮಾನವೇ ಗತಿ. ವೈದ್ಯರು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಾರೆ. ಉಳಿದದ್ದೆಲ್ಲ ನರ್ಸ್‌ಗಳ ತಲೆಯ ಮೇಲೆ.

ಕೆಲಸ ಕೊಟ್ಟವರ ಆನ್‌ಲೈನ್ ತರಬೇತಿ ಮುಗಿಸಿದೆ. ಇಗ್ಲೂ, ನಾಯಿಬಂಡಿಗಳ ಚಿತ್ರ ನೋಡಿ ನಾಲ್ಕು ಉತ್ತರ ಒತ್ತಿದರೆ ಪ್ರಮಾಣಪತ್ರ! ನನ್ನ ಅಳುಕು ಬೇರೆಯದು. 1950ರ ದಶಕದಲ್ಲಿ ಕ್ಷಯರೋಗವಿದ್ದ ಇನುಯಿಟ್ ಜನರನ್ನು ಹಡಗು ಹತ್ತಿಸಿ ದಕ್ಷಿಣದ ಆಸ್ಪತ್ರೆಗಳಿಗೆ ಒಯ್ದರು. ಎಷ್ಟೋ ಮಂದಿ ಮರಳಲಿಲ್ಲ; ಎಲ್ಲಿ ಹೂತರೆಂಬುದು ಅನೇಕ ಮನೆಯವರಿಗೆ ತಿಳಿಯಲೂ ಇಲ್ಲ. ಕೆನಡಾದ ಪ್ರಧಾನಿ ಕ್ಷಮೆ ಕೇಳಿದ್ದು 2019ರಲ್ಲಿ. ಅಂಥ ಮನೆಯ ಅಜ್ಜಿಗೆ "ಚಿಕಿತ್ಸೆಗೆ ಒಟ್ಟಾವಾಗೆ ಹೋಗಬೇಕು" ಎಂದು ಯಾವ ಬಾಯಿಂದ ಹೇಳಲಿ?

ಇನುಯಿಟ್ ಹಿರಿಯರೇ ಪಾಠ ಹೇಳುವ ತರಬೇತಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಶುಲ್ಕವಿದ್ದರೂ ಚಿಂತೆಯಿಲ್ಲ. ಅಲ್ಲಿ ಹುಬ್ಬೇರಿಸಿದರೆ ಹೌದು, ಮೂಗು ಸುಕ್ಕಿಸಿದರೆ ಇಲ್ಲ ಎಂದು ಓದಿದ್ದೇನೆ (ಮಾಸ್ಕ್ ಹಾಕಿದವರ ಮೂಗು ಕಾಣುವುದು ಹೇಗೋ!). ಅವರ ಭಾಷೆಯಾದ ಇನುಕ್ಟಿಟುಟ್‌ನ ದುಭಾಷಿ ರೋಗಿಯ ನೆಂಟರೇ ಆಗಿದ್ದರೆ ಗುಟ್ಟಿನ ವಿಷಯ ಕೇಳುವುದು ಹೇಗೆ?

ಇನ್ನೊಂದು ಪ್ರಶ್ನೆ, ನಗಬೇಡಿ. ನಾನು ಸಸ್ಯಾಹಾರಿ. ಬೇಟೆಯಾಡಿ ತಂದ ಸೀಲ್ ಮಾಂಸವನ್ನು ಊರೆಲ್ಲ ಹಂಚಿಕೊಳ್ಳುವುದು ಅಲ್ಲಿನ ರೀತಿ. ನನಗೂ ಪ್ರೀತಿಯಿಂದ ಕೊಟ್ಟರೆ, ಅವರ ಮನ ನೋಯದಂತೆ ಬೇಡವೆನ್ನುವುದು ಹೇಗೆ? ಉತ್ತರದಲ್ಲಿ ದುಡಿದ ವೈದ್ಯರು, ಶಿಕ್ಷಕರು, ಎಂಜಿನಿಯರುಗಳು ಯಾರೇ ಇದ್ದರೂ ಇಲ್ಲಿಯೇ ಬರೆಯಿರಿ, ಇಲ್ಲವೇ ನೇರವಾಗಿ ಸಂದೇಶ ಕಳುಹಿಸಿ. ರಾತ್ರಿಪಾಳಿಯಿದೆ, ಉತ್ತರಿಸುವುದು ತಡವಾದೀತು.