ಪದ ಬೇಕು: ಟ್ರೈಲರಿನ 'ಟಂಗ್ ವೆಯ್ಟ್'ಗೆ ಕನ್ನಡದಲ್ಲಿ ಏನು?

ಕುಂಬಳೆಯಿಂದ:
ನಮಸ್ಕಾರ. ಸ್ವಲ್ಪ ಅರ್ಜೆಂಟು. ನಾಳೆ ಮಧ್ಯಾಹ್ನದೊಳಗೆ ಸ್ಟಿಕ್ಕರ್ ಪ್ರಿಂಟಿಗೆ ಹೋಗಬೇಕು. ಪರಿಚಯದ ವರ್ಕ್‌ಶಾಪಿನವರು ದೋಣಿ ಸಾಗಿಸುವ ಟ್ರೈಲರ್ ಮಾಡಿದ್ದಾರೆ, ಪಿಕಪ್ ಹಿಂದೆ ಸಿಕ್ಕಿಸಿ ಎಳೆಯುವಂಥದ್ದು ('ಟೋಯಿಂಗ್' ಅನ್ನುತ್ತಾರಲ್ಲ, ಅದು). ಎಚ್ಚರಿಕೆಯ ಮಾತುಗಳನ್ನು ಅಮೆರಿಕದ ಕೈಪಿಡಿಯಿಂದ ತೆಗೆದದ್ದು. ಮಲಯಾಳದ್ದು ತಯಾರಾಗಿದೆ, ಕನ್ನಡ ಬಾಕಿ. ನಾವು ಕೊಡದಿದ್ದರೆ ಮಲಯಾಳವನ್ನೇ ಕನ್ನಡ ಲಿಪಿಯಲ್ಲಿ ಅಂಟಿಸುತ್ತಾರೆ. ನಮ್ಮ ಕಾಸರಗೋಡಿನ ಬೋರ್ಡುಗಳನ್ನು ನೋಡಿದ್ದೀರಲ್ಲ.

ಸಿಕ್ಕಿಬಿದ್ದದ್ದು 'ಟಂಗ್ ವೆಯ್ಟ್'ನಲ್ಲಿ. ಟ್ರೈಲರಿನ ಮುಂದಿನ ಉದ್ದ ಕೋಲು ಪಿಕಪ್ಪಿನ ಹಿಂದಿನ ಕೊಕ್ಕೆಯ ಚೆಂಡಿನಂಥ ಗುಂಡಿನ ಮೇಲೆ ಕೂರುತ್ತದಲ್ಲ, ಅಲ್ಲಿ ಕೆಳಕ್ಕೆ ಒತ್ತುವ ತೂಕ. ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು. 2,000 ಕಿಲೋ ಟ್ರೈಲರಾದರೆ 200ರಿಂದ 300 ಕಿಲೋ. ಕಡಿಮೆಯಾದರೆ ಟ್ರೈಲರ್ ಓಲಾಡುತ್ತದೆ. ಜಾಸ್ತಿಯಾದರೆ ಪಿಕಪ್ಪಿನ ಹಿಂಭಾಗ ತಗ್ಗಿ, ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. 'ನಾಲಿಗೆ ಭಾರ' ಅಂತ ಬರೆದರೆ ಜನ ನಗ್ತಾರೆ.

ಪೆರ್ಲದಿಂದ:
ಹೊಸ ಪದ ಯಾಕೆ? ಎತ್ತಿನ ಗಾಡಿಯವರ 'ಮುಂಭಾರ' ಇದೆಯಲ್ಲ. ಹೇರು ಮುಂದಕ್ಕಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಪಿಕಪ್ಪಿಗೂ ಅದೇ ಲೆಕ್ಕ. ಇನ್ನು ಆ ಕೋಲಿನ ಹೆಸರು 'ಮೂಕಿ'. 'ಮೂಕಿಭಾರ' ಅಂದರೆ ಇನ್ನೂ ಚೆಂದ. ಮೂಕಿಗೂ ಮೂಗಿಗೂ ನಂಟಿದೆ ಅಂತ ನನ್ನ ಗುಮಾನಿ. ತಮಿಳು, ಮಲಯಾಳದಲ್ಲಿ ಮೂಗು ಇವತ್ತಿಗೂ 'ಮೂಕ್ಕು'. ಇಂಗ್ಲಿಷಿನವರಿಗೆ ನಾಲಿಗೆಯಾಗಿ ಕಂಡದ್ದು ನಮ್ಮವರಿಗೆ ಮೂಗಾಗಿ ಕಂಡಿದೆ, ಅಷ್ಟೆ.

ಮಂಜೇಶ್ವರದಿಂದ:
ಮಾಷ್ಟ್ರೇ, ಮೂಗಿನ ಕತೆ ಸಾಕು. ಪಿಕಪ್ ಓಡಿಸುವ ಹುಡುಗನಿಗೆ ಮೂಕಿ ಅಂದರೆ ಮಾತು ಬಾರದವಳು. ಎತ್ತಿನ ಗಾಡಿಯನ್ನು ಅವನು ಕಂಡೇ ಇಲ್ಲ.

ಪೆರ್ಲದಿಂದ:
ಕಲಿಯಲಿ. 'ಟೋಯಿಂಗ್' ಅನ್ನುವುದನ್ನು ಹೊಟ್ಟೆಯಲ್ಲಿರುವಾಗಲೇ ಕಲಿತಿದ್ದನೋ?

ಮುಳ್ಳೇರಿಯದಿಂದ:
ಬರೀ 'ಮುಂಭಾರ' ಅಂದರೆ ಪಿಕಪ್ಪಿನ ಮುಂಭಾಗ ಅಂದುಕೊಂಡಾರು, ಜಾಗ್ರತೆ. ಟೋಯಿಂಗಂತೂ ಬೇಡವೇ ಬೇಡ. ಬೆಂಗಳೂರಿನವರಿಗೆ ಅದು ಪೊಲೀಸರು ಸ್ಕೂಟರ್ ಎತ್ತಿಕೊಂಡು ಹೋಗುವುದು. 'ಕಟ್ಟಿ ಎಳೆಯುವುದು' ಸಾಕು.

ಮಂಜೇಶ್ವರದಿಂದ:
ಅದು ಮಲಯಾಳದ 'ಕೆಟ್ಟಿವಲಿಕ್ಕುಕ'ದ ನಕಲು. ಇದನ್ನೇ ಅಲ್ವಾ ನಾವು ಬೇಡ ಅನ್ನುವುದು?

ಮುಳ್ಳೇರಿಯದಿಂದ:
ಕಟ್ಟು ಕನ್ನಡ, ಎಳೆ ಕನ್ನಡ. ನಮ್ಮಜ್ಜ ಮರದ ದಿಮ್ಮಿ ಕಟ್ಟಿ ಎಳೆಸುವಾಗ ಮಲಯಾಳದವರನ್ನು ಕೇಳಲು ಹೋಗಿರಲಿಲ್ಲ. ಎರಡು ಭಾಷೆಯಲ್ಲಿ ಒಂದೇ ಥರ ಇದ್ದದ್ದೆಲ್ಲ 1956ರಲ್ಲಿ ನಾವು ಕೇರಳಕ್ಕೆ ಸೇರಿದ ನಂತರ ನುಗ್ಗಿದ್ದು ಅನ್ನುವ ಚಟ ಬಿಡಿ. ಹಾಗೆ ನೋಡಿದರೆ ಮನೆ, ಮರ, ಮಳೆ ಎಲ್ಲ ವಾಪಸ್ ಕೊಡಬೇಕಾದೀತು.

ಮಂಜೇಶ್ವರದಿಂದ:
ಸುಮ್ನೆ ತಿರುಚಬೇಡಿ. ನಾನು ಪದದ ಬಗ್ಗೆ ಹೇಳಿದ್ದಲ್ಲ, ಜೋಡಣೆಯ ಬಗ್ಗೆ.

ಕುಂಬಳೆಯಿಂದ:
ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. 'ಟ್ರೈಲರಿನ ಮುಂಭಾರ (ಪಿಕಪ್ಪಿನ ಕೊಕ್ಕೆಯ ಮೇಲೆ ಬೀಳುವ ತೂಕ)' ಅಂತ ಕೊಟ್ಟೆ. ಮೂಕಿ ನನಗೆ ಇಷ್ಟವೇ, ಆದರೆ ಸ್ಟಿಕ್ಕರಿನಲ್ಲಿ ಪಾಠ ಮಾಡಲು ಜಾಗವಿಲ್ಲ. ಇನ್ನು ಒಂದೇ ಸಾಲು ಬಾಕಿ: 'ಟ್ರೈಲರ್ ಓಲಾಡಿದರೆ ಪಿಕಪ್ಪಿನ ಬ್ರೇಕನ್ನು ಗಕ್ಕನೆ ಒತ್ತಬೇಡಿ, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ.' 'ಓಲಾಡು' ಸಾಕೋ, ಬೇರೆ ಇದೆಯೋ?

ಪೆರ್ಲದಿಂದ:
'ಬಾಲ ಬೀಸಿದರೆ' ಅನ್ನಿ.

ಮಂಜೇಶ್ವರದಿಂದ:
ಮೂಗಾಯಿತು, ಈಗ ಬಾಲ.