ಹಾಡುವವರ ಪಕ್ಕ ದೇವರ ಚಿತ್ರ: ಪ್ರದರ್ಶನ ಮಾಡೋದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ (ವಿರಾಜಪೇಟೆಯ ಸದಸ್ಯ):

ಅಕ್ಕ, ನಮಸ್ಕಾರ. ನಾನು ಮದುವೆ ಫೋಟೋ ತೆಗೆಯುವವನು, ಈಗ 26 ವರ್ಷ. ಹೊರದೇಶದ ಒಂದು ಫೋಟೋ ಪ್ರದರ್ಶನದ ಬಗ್ಗೆ ಓದಿದೆ. ರಾಕ್, ಪಾಪ್ ಸಂಗೀತದ ದೊಡ್ಡ ದೊಡ್ಡ ಹೆಸರುಗಳ ಫೋಟೋ ಒಂದು ಕಡೆ, ಅದರ ಪಕ್ಕದಲ್ಲೇ ಸಂತರ, ದೇವತೆಗಳ ಚಿತ್ರ. ನೋಡಿದಾಗಿನಿಂದ ಅದೇ ತಲೆಯಲ್ಲಿ ಕೂತಿದೆ. ನಮ್ಮ ಸಂಗೀತಗಾರರನ್ನು ಇಟ್ಟುಕೊಂಡು ದಸರಾ ಹೊತ್ತಿಗೆ ಮಡಿಕೇರಿಯಲ್ಲಿ 20 ಜೋಡಿ ಮಾಡಬೇಕು ಅಂತ ಆಸೆ. ಅಣ್ಣಾವ್ರು, ಎಂ.ಎಸ್. ಸುಬ್ಬುಲಕ್ಷ್ಮಿ, ಯೇಸುದಾಸ್, ಬಿಸ್ಮಿಲ್ಲಾ ಖಾನ್, ಹೀಗೆ ಪಟ್ಟಿ ಇದೆ. ಮುಖದ ಹಿಂದೆ ಕಂಪ್ಯೂಟರಿನಲ್ಲಿ ಪ್ರಭಾವಳಿ ಸೇರಿಸೋಣ ಅಂತ ಒಂದು ಮಾದರಿ ಮಾಡಿದೆ. ಮನೆಯಲ್ಲಿ ಅಜ್ಜಿ ನೋಡಿ, "ದೇವರಿಗೆ ಇಡುವುದನ್ನು ಮನುಷ್ಯರಿಗೆ ಇಡಬೇಡ" ಅಂದರು. ಅವತ್ತಿನಿಂದ ಕೈ ಓಡುತ್ತಿಲ್ಲ. ಇದು ತಪ್ಪಾ? ಹೇಗೆ ಜೋಡಿಸಬೇಕು?

ಉತ್ತರ (ಮಡಿಕೇರಿ; ಫೋಟೋ ಪ್ರಿಂಟ್, ಕಟ್ಟು (ಫ್ರೇಮ್) ಮತ್ತು ಪ್ರದರ್ಶನದ ಕೆಲಸದಲ್ಲಿ 21 ವರ್ಷ):

ತಮ್ಮಾ, ಯೋಚನೆ ತಪ್ಪಲ್ಲ. ಪ್ರಭಾವಳಿ ಮಾತ್ರ ಬೇಡ. ಅಜ್ಜಿ ಹೇಳಿದ್ದು ಬರೀ ಭಕ್ತಿಯ ಮಾತಲ್ಲ, ಫೋಟೋದ ಮಾತೂ ಹೌದು. ಮುಖದ ಹಿಂದೆ ಚಿನ್ನದ ಬಳೆ ಅಂಟಿಸಿದರೆ ನೋಡುವವರು ಬಳೆ ನೋಡುತ್ತಾರೆ, ಮುಖ ನೋಡುವುದಿಲ್ಲ.

ಹೀಗೆ ಅಂಟಿಸಿ ಕೈಸುಟ್ಟುಕೊಂಡವರು ಹೊರದೇಶದಲ್ಲೇ ಇದ್ದಾರೆ. ಗಿಟಾರಿನ ಜಿಮಿ ಹೆಂಡ್ರಿಕ್ಸ್ ಹೆಸರು ಕೇಳಿರುತ್ತೀಯ. 1967ರ ಅವರ ಒಂದು ಆಲ್ಬಮ್ಮಿನ ಹೊದಿಕೆಗೆ ನಮ್ಮ ವಿಶ್ವರೂಪದ ಕ್ಯಾಲೆಂಡರ್ ಚಿತ್ರ ತೆಗೆದುಕೊಂಡು, ಅದರೊಳಗೆ ಅವರ ಮತ್ತು ಜೊತೆಗಾರರಿಬ್ಬರ ಮುಖ ಸೇರಿಸಿದರು. ಅದು ಹೆಂಡ್ರಿಕ್ಸ್‌ಗೇ ಹಿಡಿಸಲಿಲ್ಲ. ತಮಗೆ ಅಮೆರಿಕದ ಮೂಲನಿವಾಸಿಗಳ ನಂಟಿದೆ, ಅದನ್ನು ತೋರಿಸುವ ಚಿತ್ರ ಇದ್ದಿದ್ದರೆ ಚೆನ್ನಾಗಿತ್ತು ಅನ್ನುವುದು ಅವರ ಮನಸ್ಸಿನಲ್ಲಿತ್ತು. ಏರೋಸ್ಮಿತ್ ಅನ್ನುವ ತಂಡ 1997ರಲ್ಲಿ ಕಾಳಿಂಗಮರ್ದನ ಕೃಷ್ಣನ ಚಿತ್ರಕ್ಕೆ ಬೆಕ್ಕಿನ ತಲೆ ಇಟ್ಟು ಹೊದಿಕೆ ಮಾಡಿತು. ಭಕ್ತರಿಗೆ ನೋವಾಯಿತು, ಪ್ರತಿಭಟನೆ ಆಯಿತು, ಹೊದಿಕೆಯನ್ನೇ ಬದಲಾಯಿಸಬೇಕಾಯಿತು. ಎರಡೂ ಕಡೆ ಆ ಚಿತ್ರಕ್ಕೂ ಆ ಸಂಗೀತಗಾರರ ಬದುಕಿಗೂ ಸಂಬಂಧವೇ ಇರಲಿಲ್ಲ.

ಇನ್ನೊಂದು ಕಡೆ ಜಾನ್ ಕೋಲ್ಟ್ರೇನ್‌ರನ್ನು ನೋಡು. ಜಾಝ್ ಸ್ಯಾಕ್ಸೋಫೋನ್ ನುಡಿಸುತ್ತಿದ್ದವರು. 1957ರಲ್ಲಿ ಮಾದಕದ್ರವ್ಯದ ಚಟದಿಂದ ಹೊರಬಂದರು, ಅದು ದೇವರ ಕೃಪೆ ಎಂದು ತಾವೇ ಬರೆದುಕೊಂಡರು. ಅವರು ಹೋದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಚರ್ಚು ಅವರನ್ನು ಸಂತರೆಂದೇ ನಂಬಿ ನಡೆಯಿತು. ಅಲ್ಲಿಯ ಚಿತ್ರದಲ್ಲಿ ಅವರ ಕೈಯಲ್ಲಿ ಸ್ಯಾಕ್ಸೋಫೋನ್, ಅದರ ಬಾಯಿಂದ ಬೆಂಕಿಯ ನಾಲಿಗೆ. ಅದನ್ನು ನೋಡಿ ಯಾರಿಗೂ ಅಂಟಿಸಿದ ಹಾಗೆ ಅನ್ನಿಸುವುದಿಲ್ಲ. ಆ ನಂಟು ಬದುಕಿನಲ್ಲಿ ಮೊದಲೇ ಇತ್ತು.

ನೀನು ಹುಡುಕಬೇಕಾದದ್ದು ಆ ನಂಟನ್ನೇ. ಬಿಸ್ಮಿಲ್ಲಾ ಖಾನರು ಕಾಶಿಯ ಬಾಲಾಜಿ ಗುಡಿಯಲ್ಲಿ ವರ್ಷಗಟ್ಟಲೆ ಶಹನಾಯಿ ಅಭ್ಯಾಸ ಮಾಡಿದವರು, ಮೊಹರಂ ದಿನ ಅದೇ ಶಹನಾಯಿಯಲ್ಲಿ ಶೋಕ ನುಡಿಸಿದವರು. ಅವರ ಪಕ್ಕ ಗಂಗೆಯ ಮೆಟ್ಟಿಲು ಸಾಕು. ಯೇಸುದಾಸ್ ಹುಟ್ಟಿನಿಂದ ಕ್ರೈಸ್ತರು. ಆದರೆ ಜನವರಿ 10, ಅವರ ಹುಟ್ಟುಹಬ್ಬಕ್ಕೆ, ಕೊಲ್ಲೂರು ಮೂಕಾಂಬಿಕೆಯ ಮುಂದೆ ಹಾಡುವುದನ್ನು ಎಷ್ಟೋ ವರ್ಷ ನಡೆಸಿಕೊಂಡು ಬಂದರು. ಅಲ್ಲಿ ಮೂರ್ತಿಯ ಫೋಟೋ ಬೇಡವೇ ಬೇಡ, ಗುಡಿಯ ಹೊಸ್ತಿಲು ಇದ್ದರೆ ಆಯಿತು.

ಅಣ್ಣಾವ್ರ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. 1960ರಲ್ಲಿ ಕನಕದಾಸರಾದರು, 1966ರಲ್ಲಿ ರಾಘವೇಂದ್ರ ಸ್ವಾಮಿಯಾದರು ಅಂತ ಸಿನಿಮಾದ ವೇಷದ ಫೋಟೋ ತಂದು ಇಡುತ್ತಾರೆ. ಅದು ಪಾತ್ರ. ಅವರು ತಮ್ಮ ಬಾಯಿಂದ ದೇವರು ಅಂತ ಕರೆದದ್ದು ಯಾರನ್ನು? ಅಭಿಮಾನಿಗಳನ್ನು. ಹಾಗಾದರೆ ಅವರ ಪಕ್ಕದ ದೇವರ ಚಿತ್ರ ಜನರ ಮುಖಗಳೇ ಅಲ್ವಾ? ಕೈ ಮುಗಿದ ಅಣ್ಣಾವ್ರು ಒಂದು ಕಡೆ, ನಮ್ಮ ಸಂತೆಯಲ್ಲಿ ನಿಂತ ಜನ ಇನ್ನೊಂದು ಕಡೆ. ಈ ಜೋಡಿ ನೀನು ಮಾಡಿದರೆ ಮೊದಲು ಬಂದು ನೋಡುವವಳು ನಾನು.

ಜೋಡಿ ಕೂಡುತ್ತದೋ ಇಲ್ಲವೋ ನೋಡಲು ನಾನು ಮಾಡುವುದು ಇಷ್ಟು. ಎರಡನ್ನೂ 4×6 ಅಂಗುಲದ ಸಣ್ಣ ಪ್ರಿಂಟ್ ಮಾಡಿ ಅಡುಗೆಮನೆ ಬಾಗಿಲ ಪಕ್ಕ ಅಂಟಿಸಿ ಒಂದು ವಾರ ಬಿಡುತ್ತೇನೆ. ಕೈ, ಕಣ್ಣು, ತಲೆ ಬಾಗಿದ ರೀತಿ, ಬೆಳಕು ಬಂದ ಕಡೆ, ಇವುಗಳಲ್ಲಿ ಒಂದಾದರೂ ಎರಡು ಚಿತ್ರಕ್ಕೂ ಸೇರಬೇಕು. ವಾರ ಕಳೆದ ಮೇಲೂ "ಇದು ಇಲ್ಲಿ ಯಾಕಿದೆ" ಅಂತ ನನ್ನಿಂದಲೇ ವಿವರಣೆ ಬೇಕಾದರೆ, ಆ ಜೋಡಿ ತೆಗೆದುಬಿಡುತ್ತೇನೆ. ಈ ಲೆಕ್ಕದಲ್ಲಿ ನಿನ್ನ 20 ಜೋಡಿಯಲ್ಲಿ 9 ಉಳಿದರೂ ಸಂತೋಷಪಡು.

ಪ್ರಶ್ನೆ (ನಾಪೋಕ್ಲಿನ ಹಿರಿಯ ಸದಸ್ಯರು):

ಮಗಳೇ, ಹುಡುಗನ ಉತ್ಸಾಹ ಒಳ್ಳೆಯದೇ. ಆದರೆ ನಮ್ಮ ಕಕ್ಕಬ್ಬೆ ಇಗ್ಗುತಪ್ಪನನ್ನೋ, ಭಾಗಮಂಡಲದ ದೇವರನ್ನೋ ತಂದು ಸಿನಿಮಾದವರ ಪಕ್ಕ ನಿಲ್ಲಿಸಿದರೆ ನನ್ನಂಥವರಿಗೆ ಕಷ್ಟ ಆಗುತ್ತದೆ. ಅದನ್ನು ಹೇಳದೆ ಇರಲಾರೆ.

ಉತ್ತರ:

ನೀವು ಹೇಳಿದ್ದು ಒಳ್ಳೆಯದೇ ಆಯಿತು ಸರ್. ಗರ್ಭಗುಡಿಯ ಫೋಟೋ ತೆಗೆಯುವುದೇ ಬೇಡ ಅನ್ನುವುದು ನನ್ನ ಮಾತೂ ಹೌದು. ಇಷ್ಟು ವರ್ಷದಲ್ಲಿ ಒಂದೂ ತೆಗೆದಿಲ್ಲ. ಕೊಡವರ ಐನ್‌ಮನೆಗೆ, ಅಂದರೆ ಮನೆತನದ ಮೂಲ ಮನೆಗೆ ಹೋದರೆ ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆಯಲ್ಲಿ ತೂಗುವ ದೀಪಕ್ಕೇ ಕೈ ಮುಗಿಯುತ್ತೇವೆ. ಆ ದೀಪದ ಮುಂದೆ ಇನ್ನೊಂದು ಮೂರ್ತಿ ಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಆ ದೀಪ, ತೀರ್ಥಕ್ಕೆ ಚಾಚಿದ ಅಂಗೈ, ಗುಡಿಯ ಗಂಟೆಯ ಹಗ್ಗ, ವಿರಾಜಪೇಟೆ ಸಂತ ಅನ್ನಮ್ಮ ಚರ್ಚಿನ ಮೇಣದ ಬತ್ತಿ, ಎಮ್ಮೆಮಾಡು ದರ್ಗಾದ ಹಸಿರು ಚಾದರ. ಇವೆಲ್ಲ ನೋಡಿದ ಕೂಡಲೇ ಮನಸ್ಸು ತಗ್ಗುತ್ತದೆ, ಯಾರ ಪೂಜೆಗೂ ಅಡ್ಡ ಬರುವುದಿಲ್ಲ. ಆದರೆ ಎಲ್ಲ ಕಡೆಯೂ ಕೇಳಿಯೇ ತೆಗೆಯಬೇಕು. ಐನ್‌ಮನೆಯಲ್ಲಾದರೆ ಒಕ್ಕದ (ಮನೆತನದ) ಹಿರಿಯರಾದ ಪಟ್ಟೆದಾರರನ್ನು, ಚರ್ಚಿನಲ್ಲಿ ಪಾದ್ರಿಗಳನ್ನು, ಗುಡಿಯಲ್ಲಿ ಅದರ ಮುಖ್ಯಸ್ಥರಾದ ತಕ್ಕರನ್ನು. ಪ್ರದರ್ಶನಕ್ಕೆ ಇಡುತ್ತೇನೆ, ಪಕ್ಕದಲ್ಲಿ ಯಾರ ಫೋಟೋ ಬರುತ್ತದೆ ಅನ್ನುವುದನ್ನೂ ಮೊದಲೇ ಹೇಳಬೇಕು.

ದೀಪದ ಬೆಳಕಿಗೆ ಫ್ಲ್ಯಾಶ್ ಹಾಕಬೇಡ ತಮ್ಮಾ. ಎಣ್ಣೆ ದೀಪದ ಬೆಳಕು ಬಣ್ಣದ ಅಳತೆಯಲ್ಲಿ 1900 ಕೆಲ್ವಿನ್ ಸುಮಾರಿಗೆ ಬರುತ್ತದೆ. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಅದು ಆ ಹೊಂಬಣ್ಣವನ್ನು ತಿಂದುಹಾಕುತ್ತದೆ. ಬಣ್ಣವನ್ನು (ವೈಟ್ ಬ್ಯಾಲೆನ್ಸ್) ಕೈಯಲ್ಲೇ ಹೊಂದಿಸಿಕೋ, ಸ್ಟ್ಯಾಂಡಿನ ಮೇಲೆ ಇಟ್ಟು ನಿಧಾನವಾಗಿ ತೆಗೆ.

ಪ್ರಶ್ನೆ (ಸೋಮವಾರಪೇಟೆಯ ಸದಸ್ಯೆ):

ಮೇಡಂ, ಎಂ.ಎಸ್. ಅಮ್ಮನವರ ಹಳೆಯ ಫೋಟೋ ಇಂಟರ್ನೆಟ್ಟಿನಿಂದ ತೆಗೆದು ಪ್ರಿಂಟ್ ಹಾಕಬಹುದಾ? ದೇವರ ಹಳೆಯ ಚಿತ್ರಗಳಿಗೂ ಹಕ್ಕು ಇರುತ್ತದಾ? ಕೇಸು ಗೀಸು ಆಗುವುದಿಲ್ಲ ತಾನೇ?

ಉತ್ತರ:

ಕಂಡದ್ದನ್ನೆಲ್ಲ ಇಳಿಸಿಕೊಂಡು ಹಾಕುವ ಹಾಗಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಫೋಟೋದ ಹಕ್ಕು ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷವೂ ಇರುತ್ತದೆ.  ಹಕ್ಕು ಇನ್ನೂ ಮುಗಿಯದ ಫೋಟೋಗೆ ತೆಗೆದವರದ್ದೋ ಪತ್ರಿಕೆಯದ್ದೋ ಒಪ್ಪಿಗೆ ಪತ್ರ ಬೇಕು. ಪತ್ರ ಬರೆದು ಕೇಳಿದರೆ ಎಷ್ಟೋ ಜನ ಖುಷಿಯಿಂದ ಕೊಡುತ್ತಾರೆ. ನನಗೆ ಎರಡು ಸಲ ದುಡ್ಡಿಲ್ಲದೆ ಸಿಕ್ಕಿದೆ.

ದೇವರ ಚಿತ್ರಗಳಲ್ಲಿ ರವಿವರ್ಮರದ್ದು ಸಲೀಸು. 1906ರಲ್ಲೇ ತೀರಿಕೊಂಡರು, ಹಕ್ಕಿನ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಅವರು 1894ರಲ್ಲಿ ಮುಂಬೈಯಲ್ಲಿ ಶುರುಮಾಡಿದ ಪ್ರೆಸ್ಸಿನಿಂದಲೇ ದೇವರ ಬಣ್ಣದ ಚಿತ್ರಗಳು ಮನೆಮನೆಯ ಗೋಡೆಗೆ ಬಂದದ್ದು. ವೀಣೆ ಹಿಡಿದ ಅವರ ಸರಸ್ವತಿಯನ್ನು ಎಂ.ಎಸ್. ಪಕ್ಕ ಇಡಬಹುದು, ಆದರೆ ಅದು ಎಲ್ಲರಿಗೂ ಹೊಳೆಯುವ ಜೋಡಿ. 1945ರ ಸಿನಿಮಾದಲ್ಲಿ ಎಂ.ಎಸ್. ಮೀರಾ ಪಾತ್ರ ಮಾಡಿದ ಮೇಲೆ ಜನ ಅವರಲ್ಲೇ ಮೀರೆಯನ್ನು ಕಂಡರು. ನಾನಾದರೆ ಕಣ್ಣು ಮುಚ್ಚಿ ಹಾಡುವ ಎಂ.ಎಸ್. ಪಕ್ಕ ಒಂದು ಖಾಲಿ ತಂಬೂರಿ ಇಡುತ್ತೇನೆ, ಯಾರೂ ಕೂತಿರದ ಚಾಪೆಯ ಮೇಲೆ.

ಕೇಸಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಧಾರ್ಮಿಕ ಭಾವನೆಗೆ ಬೇಕೆಂದೇ, ಕೆಟ್ಟ ಉದ್ದೇಶದಿಂದ ಧಕ್ಕೆ ತರುವವರಿಗೆ. ನಿಮ್ಮ ಉದ್ದೇಶ ಅದಲ್ಲ. ಆದರೂ ಮುಖದ ಮೇಲೆ ಮುಖ ಕೂರಿಸುವುದು, ದೇವರ ಆಯುಧ ಮನುಷ್ಯರ ಕೈಗೆ ಕೊಡುವುದು, ಇವೆರಡರಿಂದ ದೂರ ಇರಿ. ಎರಡು ಚಿತ್ರ, ಎರಡು ಬೇರೆ ಕಟ್ಟು, ನಡುವೆ ನಾಲ್ಕು ಬೆರಳು ಜಾಗ. ಆ ಜಾಗ ಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಪ್ರಶ್ನೆ (ವಿರಾಜಪೇಟೆಯ ಸದಸ್ಯ):

ಅಕ್ಕ, ಅಡುಗೆಮನೆ ಬಾಗಿಲಿನ ಪರೀಕ್ಷೆ ಇವತ್ತೇ ಶುರು. ಪ್ರಭಾವಳಿ ತೆಗೆದೆ ಅಂತ ಹೇಳಿದರೆ ಅಜ್ಜಿ ಸಮಾಧಾನವಾದರು. ಇನ್ನೆರಡು ಕೇಳಬೇಕು. ಮಳೆಗಾಲದಲ್ಲಿ ಪ್ರಿಂಟ್ ಹಾಕಿಸಿದರೆ ದಸರಾವರೆಗೆ ಉಳಿಯುತ್ತದಾ? ಮತ್ತೆ, ಪಟ್ಟಿಯಲ್ಲಿ ಎಲ್ಲರೂ ಹೊರಗಿನವರೇ ಆದರಲ್ಲ. ಕೊಡಗಿನವರು ಯಾರನ್ನು ಸೇರಿಸಲಿ?

ಉತ್ತರ:

ಪ್ರಿಂಟಿನದ್ದು ಬೇಗ ಮುಗಿಸುತ್ತೇನೆ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಊರು ನಮ್ಮದು. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಸ್ಟು ಹಿಡಿಯುತ್ತದೆ. ಈಗ ಆರಿಸಿಕೋ, ಪ್ರಿಂಟ್ ಸೆಪ್ಟೆಂಬರ್ ಕೊನೆಗೆ ಹಾಕಿಸು. ಹತ್ತಿ ಕಾಗದ, ಪಿಗ್ಮೆಂಟ್ ಇಂಕು. ಗಾಜು ಪ್ರಿಂಟಿಗೆ ತಾಗಬಾರದು, ಸುತ್ತ ಮೌಂಟ್ ಬೋರ್ಡ್ (ದಪ್ಪ ರಟ್ಟು) ಇಡಿಸು. ತಾಗಿದರೆ ಅಂಟಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ 16×24 ಅಂಗುಲಕ್ಕೆ ಧಾರಾಳ ಸಾಕು. ಚಿತ್ರದ ನಡುಭಾಗ ನೆಲದಿಂದ 145 ಸೆಂ.ಮೀ. ಎತ್ತರಕ್ಕೆ ಬರಲಿ.

ಇನ್ನು ನಿನ್ನ ಎರಡನೇ ಪ್ರಶ್ನೆ. ನಾನು ಕಾಯುತ್ತಿದ್ದದ್ದು ಅದಕ್ಕೇ.

ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಊರಿನ ಹಬ್ಬದಲ್ಲಿ ಕೊಂಬು ಊದುವ ಹಿರಿಯರೊಬ್ಬರ ಫೋಟೋ ತೆಗೆದೆ. ಊದುವ ಮೊದಲು ಕೊಂಬನ್ನು ಬಗ್ಗಿಸಿ ಒಳಗಿನ ನೀರು ಕೊಡವಿದರು. ಹೆಗಲ ಟವಲಿನ ತುದಿಯಿಂದ ಬಾಯಿ ಇಡುವ ಜಾಗ ಒರೆಸಿದರು. ಆಮೇಲೆ ಅದನ್ನು ಹಣೆಗೆ ಒತ್ತಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದರು. ನಾನು ಕ್ಯಾಮೆರಾ ಒತ್ತಿದ್ದು ಆ ಗಳಿಗೆಯಲ್ಲಿ. ತೀರ್ಥ ತೆಗೆದುಕೊಂಡು ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವ ಒಬ್ಬ ಅಜ್ಜಿಯ ಫೋಟೋ ಪಕ್ಕದಲ್ಲಿಟ್ಟೆ. ಇವತ್ತಿಗೂ ನಾನು ಮಾಡಿದ ಜೋಡಿಗಳಲ್ಲಿ ಅದೇ ಒಳ್ಳೆಯದು.

ಆದರೆ ಅದರ ಕೆಳಗೆ "ಕೊಂಬಿನವರು, ಕೊಡಗು" ಅಂತ ಮಾತ್ರ ಬರೆದಿದ್ದೆ. ಪಕ್ಕದ ಗೋಡೆಯಲ್ಲಿ ಭೀಮಸೇನ ಜೋಶಿಯವರ ಹೆಸರು ದಪ್ಪ ಅಕ್ಷರದಲ್ಲಿತ್ತು. ಎರಡನೇ ದಿನ ಒಬ್ಬ ಹೆಂಗಸು ಬಂದು ಆ ಫೋಟೋ ಮುಂದೆ ತುಂಬಾ ಹೊತ್ತು ನಿಂತರು. "ಇದು ನಮ್ಮಪ್ಪ. ಹೆಸರು ಎಲ್ಲಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕೇಳಿಯೇ ಇರಲಿಲ್ಲ. ಅವತ್ತೇ ಸಂಜೆ ಹೊಸ ಫಲಕ ಮಾಡಿಸಿದೆ, ಅಷ್ಟರಲ್ಲಿ ಅವರು ಊರಿಗೆ ಹೋಗಿಯಾಗಿತ್ತು. ಈಗಲೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ನಿನ್ನ ಪಟ್ಟಿಗೆ ವಾಲಗದವರನ್ನು ಸೇರಿಸು. ಕೊಂಬು, ಕೊಟ್ಟು, ಪರೆ ಇಲ್ಲದೆ ನಮ್ಮಲ್ಲಿ ಯಾವ ದೇವರ ಹಬ್ಬ ನಡೆಯುತ್ತದೆ ಹೇಳು? ಮದುವೆಗೂ ಅವರೇ, ಸಾವಿಗೂ ಅವರೇ. ನೀನು ಮದುವೆ ಫೋಟೋದವನು, ನಿನ್ನ ಹಾರ್ಡ್ ಡಿಸ್ಕಿನಲ್ಲೇ ಅವರು ನೂರಾರು ಸಲ ಇದ್ದಾರೆ, ಮೂಲೆಯಲ್ಲಿ ಅರ್ಧ ಕತ್ತರಿಸಿಹೋಗಿ. ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು ಹಾಡುವ ನಾಲ್ವರನ್ನು ಐನ್‌ಮನೆಯ ದೀಪದ ಪಕ್ಕ ಇಡು. ದಸರಾ ಹೊತ್ತಿಗೆ ಅಂದರೆ ನಾಲ್ಕು ಕರಗಗಳು ಹೊರಡುವಾಗ ಮುಂದೆ ನುಡಿಸುವವರು ಇರುತ್ತಾರಲ್ಲ, ಅವರನ್ನೂ ನೋಡು. ಎಂ.ಎಸ್. ಪ್ರಿಂಟ್ ಎಷ್ಟು ದೊಡ್ಡದೋ ಇವರದ್ದೂ ಅಷ್ಟೇ ದೊಡ್ಡದು ಬೇಕು. ಹೆಸರಿನ ಅಕ್ಷರವೂ ಅಷ್ಟೇ ದಪ್ಪ.

ಪ್ರಶ್ನೆ (ವಿರಾಜಪೇಟೆಯ ಸದಸ್ಯ):

ಅಕ್ಕ, ಈಗಷ್ಟೇ ಹಳೆಯ ಫೋಟೋ ತೆರೆದು ನೋಡಿದೆ. ನೀವು ಹೇಳಿದ ಹಾಗೇ ಇದೆ, ಎಲ್ಲರೂ ಅಂಚಿನಲ್ಲಿ. ಒಬ್ಬರದ್ದೂ ಹೆಸರು ಗೊತ್ತಿಲ್ಲ ನನಗೆ. ಫಲಕದಲ್ಲಿ ಏನೇನು ಬರೆಯಬೇಕು?

ಉತ್ತರ:

ಮೂರು ಸಾಲು ಸಾಕು. ಮೊದಲು ಪೂರ್ತಿ ಹೆಸರು, ಅವರು ಹೇಗೆ ಹೇಳುತ್ತಾರೋ ಹಾಗೇ. ಆಮೇಲೆ ವಾದ್ಯ ಮತ್ತು ಯಾರಿಂದ ಕಲಿತದ್ದು. ಕೊನೆಗೆ ಊರು, ಫೋಟೋ ತೆಗೆದ ವರ್ಷ. "ಭಕ್ತಿಯ ನಾದ" ಅಂತೆಲ್ಲ ತಲೆಬರಹ ಬೇಡ.

ಮುಂದಿನ ಮದುವೆಗೆ ಅರ್ಧ ಗಂಟೆ ಮೊದಲೇ ಹೋಗು. ವಾಲಗದವರು ಹೊರಗೆ ಕೂತು ಕಾಫಿ ಕುಡಿಯುವ ಹೊತ್ತು ಅದು. ಪಕ್ಕ ಕೂತು ಮಾತಾಡಿಸು, ಏನು ಮಾಡಲು ಹೊರಟಿದ್ದೀಯ ಅಂತ ಹೇಳು, ಒಪ್ಪಿದರೆ ಹೆಸರನ್ನು ಒಂದು ಪುಸ್ತಕದಲ್ಲಿ ಅವರ ಕೈಯಿಂದಲೇ ಬರೆಸಿಕೋ. ಪ್ರದರ್ಶನ ಶುರುವಾಗುವ ದಿನ ಅವರೇ ಮೊದಲು ಒಳಗೆ ಬರುವ ಹಾಗೆ ಜೀಪು ಕಳಿಸು. ಹತ್ತಿ ಕಾಗದದ ರೋಲು ನನ್ನ ಅಂಗಡಿಯಲ್ಲಿ ಎತ್ತಿಟ್ಟಿರುತ್ತೇನೆ.