ಚಕಮಕಿ ಕೋವಿಯ ಮಾದರಿಗೆ ಯಾವ ಮರ: ಹಲಸೋ, ಹೊನ್ನೆಯೋ, ಬೈನೆಯೋ?

ಪ್ರಶ್ನೆ (ಶಿರಸಿಯಿಂದ)

ಮಾನ್ಯರೇ, ಅಮೆರಿಕದಲ್ಲಿ ಹವ್ಯಾಸಕ್ಕಾಗಿ ಚಕಮಕಿ ಕೋವಿಗಳನ್ನು (ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಹಳೆಯ ಕೋವಿಗಳನ್ನು) ಕೈಯಿಂದಲೇ ಕಟ್ಟುವವರು, ವಾಡಿಕೆಯ ಮೇಪಲ್ ಮತ್ತು ವಾಲ್‌ನಟ್ ಬಿಟ್ಟು ಬೇರೆ ಮರಗಳಲ್ಲಿ ಹಿಡಿ, ಅಂದರೆ ಕೋವಿಯ ಮರದ ಭಾಗ, ಕೆತ್ತುವುದನ್ನು ನೋಡಿ ನನಗೂ ಆಸೆ ಹುಟ್ಟಿದೆ. ನಾನು ಮಾಡಹೊರಟಿರುವುದು ಜಗಲಿಯ ಗೋಡೆಗೆ ತೂಗುಹಾಕುವ ಮಾದರಿ ಮಾತ್ರ. ಅದರ ನಳಿಗೆ ರಂಧ್ರವಿಲ್ಲದ ಗಟ್ಟಿ ಸರಳು. ಒಟ್ಟು ಉದ್ದ, ಬ್ರಿಟಿಷ್ ಸೈನ್ಯದ 'ಬ್ರೌನ್ ಬೆಸ್' ಕೋವಿಯ ಇಂಡಿಯಾ ಮಾದರಿಯಂತೆ, ಸುಮಾರು 55 ಇಂಚು. ಮನೆಯಲ್ಲಿ ಹಳೆಯ ಹಲಸಿನ ತೊಲೆಯೊಂದು, ಹೊನ್ನೆಯ ಹಲಗೆಯೊಂದು ಮತ್ತು ಸೀಳಿಟ್ಟ ಬೈನೆ ಮರವಿದೆ. ಕಪ್ಪು ಗೆರೆಗಳ ಬೈನೆಯ ಮೇಲೆಯೇ ನನಗೆ ಕಣ್ಣು. ಅನುಭವಿಗಳು ಏನೆನ್ನುತ್ತೀರಿ?

ಉತ್ತರ 1 (ಯಲ್ಲಾಪುರದಿಂದ, ಮರಗೆಲಸದವರು)

ಬೈನೆಯ ಆಸೆ ಬಿಡಿ. ಅದು ತಾಳೆಯ ಜಾತಿ. ಗಟ್ಟಿಯಾಗಿರುವುದು ಹೊರಗಿನ ಕವಚ ಮಾತ್ರ, ಒಳಗೆ ಮೆತ್ತನೆಯ ತಿರುಳು. ಭುಜಕ್ಕೆ ಆನಿಸುವ ಭಾಗಕ್ಕೆ ಬೇಕಾಗುವ ಎರಡು ಇಂಚಿನ ದಪ್ಪ ಒಂದೇ ತುಂಡಿನಲ್ಲಿ ಸಿಗುವುದು ಕಷ್ಟ. ಉಳಿ ಹಾಕಿದರೆ ನಾರು ನಾರಾಗಿ ಸಿಬಿರೇಳುತ್ತದೆ, ತಿರುಪು ಕೂಡ ಸರಿಯಾಗಿ ಹಿಡಿಯುವುದಿಲ್ಲ. ಆದರೆ ನಳಿಗೆಯ ಕೆಳಗೆ ಸಿಕ್ಕಿಸುವ, ಮದ್ದು ಗಿಡಿಯುವ ಸಲಾಕೆಗೆ ನೇರ ನಾರಿನ ಬೈನೆಯಷ್ಟು ಚೆಂದದ್ದು ನಿಮ್ಮಲ್ಲಿರುವ ಮೂರರಲ್ಲಿ ಇನ್ನೊಂದಿಲ್ಲ.

ಜಾತಿಗಿಂತ ಮೊದಲು ನಾರಿನ ಓಟ ನೋಡಿ. ಹಿಡಿ ಮುರಿಯುವುದು ಬಹುತೇಕ ಚಾಪಿನ (ಕಿಡಿ ಹೊಡೆಯುವ ಯಂತ್ರದ) ಹಿಂದಿನ ಸಪೂರ ಮಣಿಕಟ್ಟಿನಲ್ಲಿ. ಏಕೆಂದರೆ ಚಾಪನ್ನೂ ನಳಿಗೆಯ ಬಾಲವನ್ನೂ ಕೂರಿಸಲು ಅಲ್ಲಿಯೇ ಅತಿ ಹೆಚ್ಚು ಮರವನ್ನು ತೋಡಿ ತೆಗೆದಿರುತ್ತೇವೆ. ಆ ಜಾಗದಲ್ಲಿ ನಾರು ಮಣಿಕಟ್ಟಿನ ಬಾಗಿನೊಡನೆಯೇ ಹಾಯ್ದಿರಬೇಕು, ಅಡ್ಡ ಕಡಿದುಹೋಗಿರಬಾರದು. ಆದ್ದರಿಂದ ತೊಲೆಯ ಮೇಲೆ ರಟ್ಟಿನ ಅಚ್ಚನ್ನಿಟ್ಟು, ಅದನ್ನು ತಿರುಗಿಸಿ ತಿರುಗಿಸಿ ನೋಡಿದ ಮೇಲೆಯೇ ಗೆರೆ ಎಳೆಯಿರಿ. ನಿಮ್ಮ ಹೊನ್ನೆಯಲ್ಲಿ ನಾರು ಪದರದಿಂದ ಪದರಕ್ಕೆ ದಿಕ್ಕು ಬದಲಿಸುತ್ತದೆ. ಕೀಸುಳಿ ಒಂದು ಕಡೆ ನುಣುಪು ಮಾಡಿದರೆ ಇನ್ನೊಂದು ಕಡೆ ಕಿತ್ತು ಬರುತ್ತದೆ. ನನ್ನ ಮತ ಹಲಸಿಗೆ, ಅದರಲ್ಲೂ ಬಿಳಿಭಾಗವನ್ನು ಪೂರ್ತಿ ತೆಗೆದ ಹಳದಿ ಚೇಗಿಗೆ. ವೀಣೆಗೂ ಮೃದಂಗಕ್ಕೂ ಒದಗುವ ಮರ ಅದು. ವರ್ಷ ಕಳೆದಂತೆ ಬಣ್ಣ ತಾನಾಗಿ ಕಂದಾಗುತ್ತದೆ.

ಉತ್ತರ 2 (ಕುಮಟಾದಿಂದ)

ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೇಪಿನ ಕೋವಿ ನಮ್ಮ ಮನೆಯಲ್ಲಿದೆ. ಚುನಾವಣೆಯ ಹೊತ್ತಿಗೆ ಠಾಣೆಗೆ ಒಪ್ಪಿಸಿದ ಅದು ಒಮ್ಮೆ ಮಳೆಗಾಲ ಮುಗಿದ ಮೇಲೆ ಕೈಸೇರಿದಾಗ, ಮರ ಉಬ್ಬಿ ನಳಿಗೆಯನ್ನು ಒಂದು ಬದಿಗೆ ಒತ್ತಿತ್ತು. ಕರಾವಳಿಯ ಗಾಳಿಯಲ್ಲಿ ಒಣಗುವಿಕೆಯೇ ಎಲ್ಲಕ್ಕಿಂತ ಮುಖ್ಯ. ಇಂಚು ದಪ್ಪಕ್ಕೆ ಒಂದು ವರ್ಷವೆಂಬುದು ನೆರಳಿನಲ್ಲಿ ಒಣಗಿಸುವವರ ಹಳೆಯ ಲೆಕ್ಕ. ನಿಮ್ಮದು ಹಳೆಯ ತೊಲೆಯಾದರೂ ಸೀಳಿದ ಕೂಡಲೇ ಕೆತ್ತಬೇಡಿ. ತುದಿಗಳಿಗೆ ಮೇಣ ಬಳಿದು, ಹದಿನೈದು ದಿನಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಕೈಹಾಕಿ. ಮರ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವಷ್ಟು, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಕುಗ್ಗುವುದಿಲ್ಲ. ವ್ಯತ್ಯಾಸ ಸುಮಾರು ಇಮ್ಮಡಿ. ಹಾಗಾಗಿ ಚಕ್ರದ ಅರಗಳಂತೆ, ತಿರುಳಿನಿಂದ ತೊಗಟೆಯತ್ತ ಸೀಳಿದ ಹಲಗೆ ಕಡಿಮೆ ಸೊಟ್ಟಗಾಗುತ್ತದೆ.

ಎಣ್ಣೆಯ ಬಗ್ಗೆ ಒಂದು ಮಾತು. ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಇದಕ್ಕೂ ಬಳಿಯಲು ಹೋಗಬೇಡಿ. ಅದು ಕೈ ಸುಡುತ್ತದೆ, ಬೊಬ್ಬೆ ಏಳುತ್ತದೆ. ಕುದಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಹಲವು ಸಲ ಉಜ್ಜಿದರೆ ಸಾಕು.

ಉತ್ತರ 3 (ಕಾರವಾರದಿಂದ)

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಯಾರಾದರೂ ಬೀಟೆಯನ್ನು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ವಾಲ್‌ನಟ್‌ಗಿಂತ ಬಹಳ ಭಾರ, ಮತ್ತು ಅದರೊಳಗಿನ ಜಿಡ್ಡಿನಿಂದಾಗಿ ಅಗಸೆ ಎಣ್ಣೆ ತಿಂಗಳಾದರೂ ಅಂಟಂಟಾಗಿಯೇ ಉಳಿಯುತ್ತದೆ. ಕಡಿದು ಸಾಗಿಸಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಇನ್ನೊಂದು ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಕೋವಿಯನ್ನು ತಯಾರಿಸುವುದಷ್ಟೇ ಅಲ್ಲ, ಮಾರುವುದೂ ರಿಪೇರಿ ಮಾಡುವುದೂ ಅಪರಾಧ; ಅಣಕು ಕೋವಿಯನ್ನು ನಿಜವಾದ ಕೋವಿಯಾಗಿ ಮಾರ್ಪಡಿಸುವುದನ್ನು 6ನೇ ಕಲಮು ತಡೆಯುತ್ತದೆ. ಗಟ್ಟಿ ಸರಳಿನ ನಿಮ್ಮ ನಿರ್ಧಾರ ಸರಿಯಾಗಿದೆ. ಅದನ್ನು ಕೊನೆಯವರೆಗೂ ಹಾಗೆಯೇ ಇರಗೊಡಿ, ಕೊರೆದುಕೊಡುತ್ತೇನೆ ಎನ್ನುವ ಲೇತ್‌ನವರ ಮಾತಿಗೆ ಮರುಳಾಗಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇವತ್ತು ತೊಲೆಯ ಮೇಲೆ ರಟ್ಟಿನ ಅಚ್ಚನ್ನಿಟ್ಟು ನೋಡಿದೆ. ಒಂದು ತುದಿಯಲ್ಲಿ ಕೊಂಬೆ ಕವಲೊಡೆದ ಕಡೆ ನಾರು ತಾನಾಗಿಯೇ ಬಾಗಿದೆ. ಮಣಿಕಟ್ಟು ಅಲ್ಲಿಗೇ ಬರುವಂತೆ ಗುರುತು ಹಾಕಿದ್ದೇನೆ. ದೀಪಾವಳಿ ಕಳೆದ ಮೇಲೆ ಉಳಿ ಹಿಡಿಯುತ್ತೇನೆ. ಬೈನೆಯ ಸಲಾಕೆಯನ್ನು ಮಾತ್ರ ಈಗಲೇ ಕೀಸತೊಡಗಿದ್ದೇನೆ.